ಓಡಿದರೆ ದೋಣಿ

ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಮೂಗು ಕೆಲಸ ಮಾಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವುದಿಲ್ಲ. ದೋಣಿಯ ಒಡಲಿನ ತಳಕ್ಕಿಳಿದು ಮೂಲೆಯಲ್ಲಿ ಮಲಗಿರುತ್ತದೆ. ಒಂದು ಕಿಡಿ ಸಿಕ್ಕರೆ ಸಾಕು. ಅದಕ್ಕೇ ಮುಚ್ಚಳಗಳನ್ನೆಲ್ಲ ತೆರೆದು, ಫ್ಯಾನು ಹಾಕಿ, ಒಳಗಿನ ಗಾಳಿಯನ್ನು ಪೂರ್ತಿ ಹೊರಗೆ ತಳ್ಳಬೇಕು. ಆಮೇಲೆ ಒಬ್ಬರು ಏಣಿಯಿಳಿದು, ಮಂಡಿಯೂರಿ, ತಳದ ಹತ್ತಿರ ಮುಖ ತಂದು ಉಸಿರೆಳೆದು ನೋಡಬೇಕು. ಆವಿ ಅಳೆಯುವ ಉಪಕರಣ ಇದ್ದರೂ ಮೂಗಿನ ಸಾಕ್ಷಿ ಬೇಕೇ ಬೇಕು. ನಾನು ಮೊದಲ ಸಲ ಹಾಗೆ ಇಳಿದು ಉಸಿರೆಳೆದಾಗ ಪೆಟ್ರೋಲಿನ ವಾಸನೆ ಬರಲಿಲ್ಲ. ಬಂದದ್ದು ಒದ್ದೆ ಮರದ್ದು, ಹಳೆಯ ಗ್ರೀಸಿನದು, ಬಣ್ಣದ್ದು. ಹೊನ್ನಾವರದ ಧಕ್ಕೆಯಲ್ಲಿ ನಮ್ಮ ದೊಡ್ಡಪ್ಪನ ಮಚವೆ ದೋಣಿಯೊಳಗೆ ಇರುತ್ತಿದ್ದ ವಾಸನೆ. ಮೀನಿನದೊಂದು ಇರಲಿಲ್ಲ, ಅಷ್ಟೆ.

ನಾನಿರುವುದು ಅಮೆರಿಕದ ಪಶ್ಚಿಮ ತೀರದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಲ್ಲಿ. ಊರನ್ನು ಸೀಳಿಕೊಂಡು ವಿಲ್ಲಾಮೆಟ್ ನದಿ ಹರಿಯುತ್ತದೆ. ಕಂಪ್ಯೂಟರ್ ಕೆಲಸಕ್ಕೆಂದು ಬಂದು ಇಲ್ಲಿ ನೆಲೆಸಿದ ಕನ್ನಡಿಗರು ಸಾಕಷ್ಟು ಮಂದಿ ಇದ್ದಾರೆ, ನಾನೂ ಅವರಲ್ಲೊಬ್ಬ. ಒಂದು ಜೂನ್ ತಿಂಗಳಲ್ಲಿ ನದಿಯ ದಂಡೆಯಲ್ಲಿ ನಡೆಯುತ್ತಿದ್ದಾಗ ಎದೆಗೆ ಬಡಿಯುವಂಥ ಸದ್ದೊಂದು ಕೇಳಿತು. ಗುಡುಗು ದೂರದಲ್ಲಿ ಉರುಳುತ್ತಿದ್ದಂತೆ, ಆದರೆ ನಿಲ್ಲದೆ. ಸೇತುವೆಯ ಕೆಳಗಿಂದ ಬೂದುಬಣ್ಣದ ಮರದ ದೋಣಿಯೊಂದು ಬಂತು. ಉದ್ದ 78 ಅಡಿ, ಅಗಲ 20 ಅಡಿ. ಮೂಗು ಚೂಪು, ಬೆನ್ನು ಚಪ್ಪಟೆ. ಹೆಸರಿಲ್ಲ, ಬರೀ ಸಂಖ್ಯೆ. ಪಿಟಿ-658. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕನ್ ನೌಕಾಪಡೆಯ ಟಾರ್ಪೆಡೊ ದೋಣಿ. ಅದನ್ನು ಓಡಿಸುತ್ತಿದ್ದವರಲ್ಲಿ ನೌಕಾಪಡೆಯವರು ಯಾರೂ ಇರಲಿಲ್ಲ. ಎಲ್ಲರೂ ತಮ್ಮ ರಜೆಯ ದಿನ ಕೊಟ್ಟು, ಕೈಯಿಂದ ಹಣ ಹಾಕಿ ಬಂದ ಸಾಮಾನ್ಯ ಜನ. ಮುಂದಿನ ಶನಿವಾರ ನಾನೂ ಹೋಗಿ, ‘ಏನಾದರೂ ಕೆಲಸ ಕೊಡಿ’ ಎಂದೆ. ಕೈಗೆ ಮರಳುಕಾಗದ ಕೊಟ್ಟರು.

ಈ ದೋಣಿಗಳ ಕಥೆಯನ್ನು ಸ್ವಲ್ಪ ಹೇಳಬೇಕು. ಪಿಟಿ ಎಂದರೆ ಗಸ್ತು ತಿರುಗುವ ಟಾರ್ಪೆಡೊ ದೋಣಿ. ಉಕ್ಕಿನ ದೊಡ್ಡ ಹಡಗುಗಳ ನಡುವೆ ಇವು ಮರದವು, ಸಣ್ಣವು. ರಾತ್ರಿ ಹೊರಟು, ಸದ್ದಡಗಿಸಿ ಹತ್ತಿರ ಹೋಗಿ, ಹೊಡೆದು, 40 ನಾಟ್ ವೇಗದಲ್ಲಿ ಓಡಿ ಬರುವುದು ಇವುಗಳ ಕೆಲಸ; ನಮ್ಮ ಲೆಕ್ಕದಲ್ಲಿ ಗಂಟೆಗೆ ಹತ್ತಿರ ಹತ್ತಿರ 74 ಕಿಲೋಮೀಟರ್. 1942ರ ಮಾರ್ಚಿನಲ್ಲಿ ಜನರಲ್ ಮ್ಯಾಕ್‌ಆರ್ಥರ್ ಫಿಲಿಪ್ಪೀನ್ಸಿನ ಕೊರೆಗಿಡೊರ್ ದ್ವೀಪದಿಂದ ಪಾರಾದದ್ದು ಇಂಥದೇ ದೋಣಿಯಲ್ಲಿ. 1943ರ ಆಗಸ್ಟ್ 2ರ ಕತ್ತಲಲ್ಲಿ ಸಾಲೊಮನ್ ದ್ವೀಪಗಳ ಬಳಿ ಜಪಾನಿನ ಯುದ್ಧನೌಕೆಯೊಂದು ಪಿಟಿ-109 ಎಂಬ ದೋಣಿಯನ್ನು ಇಬ್ಭಾಗ ಮಾಡಿಕೊಂಡು ಹೋಯಿತು. ಹದಿಮೂರು ಜನರಲ್ಲಿ ಇಬ್ಬರು ಸತ್ತರು. ಸುಟ್ಟಗಾಯವಾಗಿದ್ದ ಸಂಗಾತಿಯ ಜೀವರಕ್ಷಕ ಕವಚದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ದ್ವೀಪದವರೆಗೆ ಈಜಿದ ಆ ದೋಣಿಯ ತರುಣ ನಾಯಕ ಮುಂದೆ ಅಮೆರಿಕದ ಅಧ್ಯಕ್ಷನಾದ. ಅವನೇ ಜಾನ್ ಕೆನಡಿ.

ನಮ್ಮ 658ಕ್ಕೆ ಅಂಥ ಕಥೆಯಿಲ್ಲ. ನ್ಯೂ ಆರ್ಲಿಯನ್ಸಿನ ಹಿಗಿನ್ಸ್ ಕಾರ್ಖಾನೆಯಲ್ಲಿ 1945ರಲ್ಲಿ ಇದನ್ನು ಕಟ್ಟಿ ಮುಗಿಸುವ ಹೊತ್ತಿಗೆ ಯುದ್ಧವೇ ಮುಗಿಯುತ್ತ ಬಂದಿತ್ತು. ಇದು ಯಾರನ್ನೂ ಕೊಲ್ಲಲಿಲ್ಲ, ಇದರ ಮೇಲೆ ಯಾರೂ ಸಾಯಲಿಲ್ಲ. ನನಗೆ ಅದು ಸಮಾಧಾನದ ಸಂಗತಿ. ಯುದ್ಧಕ್ಕೆ ಹೋದ ಇದರ ಸೋದರ ದೋಣಿಗಳಿಗೆ ಒದಗಿದ ಗತಿ ಬೇರೆ. 1945ರ ಕೊನೆಯಲ್ಲಿ, ಫಿಲಿಪ್ಪೀನ್ಸಿನ ಸಮಾರ್ ದ್ವೀಪದ ತೀರದಲ್ಲಿ, ನೂರಕ್ಕೂ ಹೆಚ್ಚು ಪಿಟಿ ದೋಣಿಗಳ ಎಂಜಿನ್ನು, ಉಪಕರಣ ಬಿಚ್ಚಿಕೊಂಡು ಉಳಿದ ಮೈಗೆ ನೌಕಾಪಡೆಯವರೇ ಬೆಂಕಿ ಹಚ್ಚಿದರು. ಮರದ ದೋಣಿಯನ್ನು ಶಾಂತಿಕಾಲದಲ್ಲಿ ಸಾಕುವುದು ದುಬಾರಿ; ಕಾರಣ ಅಷ್ಟೆ. ಆ ದೋಣಿಗಳ ಮೇಲೆ ತಿಂಗಳುಗಟ್ಟಲೆ ಉಂಡು ಮಲಗಿದ್ದ ಹುಡುಗರು ದಡದಲ್ಲಿ ನಿಂತು ಅದನ್ನು ನೋಡಿದರು. ಪಿಟಿ ದೋಣಿಗಳಲ್ಲಿ ದುಡಿದವರಲ್ಲಿ ಬದುಕುಳಿದ ಕೆಲವರು ಎಪ್ಪತ್ತರ ವಯಸ್ಸು ದಾಟುವಾಗ ಪೋರ್ಟ್‌ಲ್ಯಾಂಡಿನಲ್ಲಿ ಒಟ್ಟು ಸೇರಿದರು. ನೌಕಾಪಡೆ ಮಾರಿಬಿಟ್ಟು, ಖಾಸಗಿಯವರ ಕೈಯಲ್ಲಿ ದಶಕಗಳನ್ನು ಕಳೆದಿದ್ದ 658ನ್ನು 1990ರ ದಶಕದಲ್ಲಿ ತಂದು ದುರಸ್ತಿಗೆ ಇಳಿದರು. ಹಿಂದೆ ಸುಟ್ಟದ್ದನ್ನು ಮತ್ತೆ ಕಟ್ಟುವ ಹಟ ಅವರದಾಗಿತ್ತೆಂದು ನನಗನ್ನಿಸುತ್ತದೆ. 2012ರಲ್ಲಿ ಈ ದೋಣಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಇದನ್ನು ಕಟ್ಟಿದ ಆಂಡ್ರ್ಯೂ ಹಿಗಿನ್ಸ್ ಮೂಲತಃ ಮರದ ವ್ಯಾಪಾರಿ. ಲೂಸಿಯಾನಾದ ಜವುಗಿನಲ್ಲಿ ಬೇಟೆಗಾರರು, ಎಣ್ಣೆಬಾವಿಯವರು ಓಡಾಡಲು ಕಡಿಮೆ ನೀರಿನಲ್ಲೂ ತೇಲುವ ದೋಣಿ ಕಟ್ಟಿ ಕಲಿತವನು. ಯುದ್ಧ ಬಂದಾಗ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳನ್ನು ಸಾವಿರಾರು ಲೆಕ್ಕದಲ್ಲಿ ಕಟ್ಟಿಸಿದ. ಅವನ ಕಾರ್ಖಾನೆಯಲ್ಲಿ ಕರಿಯರು, ಬಿಳಿಯರು, ಹೆಂಗಸರು, ಗಂಡಸರು ಒಂದೇ ಕೆಲಸಕ್ಕೆ ಒಂದೇ ಸಂಬಳ ಪಡೆಯುತ್ತಿದ್ದರು. ಆ ಕಾಲದ ಅಮೆರಿಕದ ದಕ್ಷಿಣದಲ್ಲಿ ಅದು ಸಣ್ಣ ಮಾತಲ್ಲ. ಹಲಗೆಯ ಮೇಲೆ ಕೈಯಾಡಿಸುವಾಗ ಈ ತಿರುಪು ಹಾಕಿದ ಕೈ ಯಾವ ಹೆಣ್ಣುಮಗಳದಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಪಿಟಿ ದೋಣಿ ಪ್ಲೈವುಡ್ಡಿನದು ಎಂದು ಬಹಳ ಜನ ತಿಳಿದಿದ್ದಾರೆ. ತಪ್ಪು. ಒಡಲು ಮಹಾಗನಿ ಹಲಗೆಯದು, ಎರಡು ಪದರ. ಎರಡರ ನಡುವೆ ಅಂಟು ಕುಡಿಸಿದ ಬಟ್ಟೆಯ ಒಂದು ಪದರ. ಸಾವಿರಾರು ತಿರುಪು, ಮೊಳೆ ಇವೆರಡನ್ನೂ ಹಿಡಿದಿಟ್ಟಿವೆ. ಹಲಗೆ ಕೆಟ್ಟಿದೆಯೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಣ್ಣ ಎಲ್ಲವನ್ನೂ ಮುಚ್ಚಿರುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿ ಮರ ‘ಟಣ್’ ಎನ್ನುತ್ತದೆ, ಕೊಳೆತದ್ದು ‘ದಬ್’ ಎನ್ನುತ್ತದೆ. ಅನುಮಾನ ಬಂದಲ್ಲಿ ದಬ್ಬಣ ಚುಚ್ಚಬೇಕು. ತೆಂಗಿನಕಾಯಿ ಬಡಿದು ನೋಡಿ ಆರಿಸುವ ಊರಿನಿಂದ ಬಂದವನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ.

ನನಗೆ ಕೆಲಸ ಹೇಳಿಕೊಟ್ಟ ಹಿರಿಯರೊಬ್ಬರಿದ್ದರು. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದೆ. ಯುದ್ಧ ನೋಡಿದವರಲ್ಲ, ಜೀವಮಾನವಿಡೀ ಲಾರಿ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಒಂದು ದಿನ ದೋಣಿಯ ಹಿಂಭಾಗದ ಮೂಲೆಯಲ್ಲಿ ಮೆತ್ತಗಾದ ಮರ ಸಿಕ್ಕಿತು. ‘ನದಿ ನೀರು ಹೀಗೆ ಮಾಡಿತೇ?’ ಎಂದು ಕೇಳಿದೆ. ‘ಇಲ್ಲ, ಮಳೆ. ಮರದ ದೋಣಿಗೆ ಕೆಳಗಿನ ನೀರಿಗಿಂತ ಮೇಲಿನ ನೀರಿನ ಭಯ ಹೆಚ್ಚು’ ಎಂದರು. ಸುತ್ತಿಗೆ ಹಿಡಿದ ನನ್ನ ಕೈ ಅಲ್ಲಿಗೇ ನಿಂತಿತು. ದೊಡ್ಡಪ್ಪನ ಮಾತೂ ಇದೇ ಆಗಿತ್ತು: ‘ತಮಾ, ಉಪ್ಪುನೀರು ದೋಣಿ ಕಾಯ್ತದೆ, ಮಳೆನೀರು ತಿಂತದೆ.’ ಮಳೆಗಾಲ ಹಿಡಿಯುವ ಮೊದಲು ಮಚವೆಯನ್ನು ದಡಕ್ಕೆಳೆದು, ತೆಂಗಿನ ಮಡಲಿನ ಸೂರು ಕಟ್ಟಿ, ನೂಲು ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಅರ್ಪಿಸಿದ ಮೇಲೇ ಮತ್ತೆ ನೀರಿಗಿಳಿಸುತ್ತಿದ್ದರು. ಶರಾವತಿಯ ಅಳಿವೆಯಲ್ಲಿ ಬೆಳೆದ ಆ ಅರಿವನ್ನು ವಿಲ್ಲಾಮೆಟ್ ದಂಡೆಯ ಮುದುಕರೊಬ್ಬರು ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದರು. ಮರ ಎಲ್ಲ ಊರಿನಲ್ಲೂ ಒಂದೇ ಪಾಠ ಕಲಿಸುತ್ತದೆ.

ಇನ್ನು ಎಂಜಿನ್ನಿನ ಮಾತು. ಪಿಟಿ ದೋಣಿಯಲ್ಲಿ ಮೂರು ಎಂಜಿನ್ನು, ನೀರು ತಳ್ಳುವ ಮೂರು ಫ್ಯಾನು. ಎಂಜಿನ್ನುಗಳು ಡೆಟ್ರಾಯಿಟಿನ ಪ್ಯಾಕಾರ್ಡ್ ಕಂಪನಿಯವು. ಒಂದೊಂದಕ್ಕೂ ಹನ್ನೆರಡು ಸಿಲಿಂಡರು, ಒಂದೊಂದೂ ಸುಮಾರು 41 ಲೀಟರಿನದು, ಒಂದೊಂದಕ್ಕೂ 1,500ಕ್ಕೂ ಮೀರಿದ ಕುದುರೆಶಕ್ತಿ. ನಮ್ಮ ಊರಿನಲ್ಲಿ ಓಡಾಡುವ ಸಣ್ಣ ಕಾರಿನ ಎಂಜಿನ್ 1.2 ಲೀಟರಿನದು, ಮೂರೂ ಸೇರಿದರೆ ಅಂಥ ನೂರು ಕಾರುಗಳ ಎಂಜಿನ್ನನ್ನು ಒಂದು ಕೋಣೆಯಲ್ಲಿ ತುಂಬಿದಂತೆ. ವಿಮಾನಕ್ಕೆ ಹಾಕುವ ಪೆಟ್ರೋಲೇ ಬೇಕು. ಮೂರನ್ನೂ ಪೂರ್ತಿ ಬಿಟ್ಟರೆ ಗಂಟೆಗೆ ಸುಮಾರು 1,900 ಲೀಟರ್ ಕುಡಿಯುತ್ತವೆ. ಇದು ಬ್ರಿಟಿಷ್ ವಿಮಾನಗಳ ಮರ್ಲಿನ್ ಎಂಜಿನ್ನು ಎಂದು ಹೇಳುವವರಿದ್ದಾರೆ. ಪ್ಯಾಕಾರ್ಡ್ ಅದನ್ನೂ ತಯಾರಿಸಿದ್ದು ನಿಜ. ಆದರೆ ಇದು ಅವರದೇ ವಿನ್ಯಾಸ, 1920ರ ದಶಕದ ಅವರ ವಿಮಾನ ಎಂಜಿನ್ನಿನ ಕುಡಿ. ಪ್ಯಾಕಾರ್ಡ್ ಹೆಸರಿನ ಕೊನೆಯ ಕಾರು ಬಂದದ್ದು 1958ರಲ್ಲಿ. ಆಮೇಲೆ ಆ ಹೆಸರೇ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಅಂಗಡಿಗೆ ಹೋಗಿ ಬಿಡಿಭಾಗ ಕೊಡಿ ಎಂದು ಕೇಳುವಂತಿಲ್ಲ. ಎಲ್ಲೋ ಉಳಿದ ಎಂಜಿನ್ನಿನಿಂದ ಬಿಚ್ಚಿ ತರಬೇಕು, ಇಲ್ಲವೇ ಹೊಸದಾಗಿ ಕಡೆದು ಮಾಡಬೇಕು.

ಕೈಪಿಡಿ ಉಂಟು. ಆದರೆ ಬಿಗಿ ಎಷ್ಟಿದ್ದರೆ ಸರಿ, ಸದ್ದು ಹೇಗಿದ್ದರೆ ಚೆನ್ನ, ತಣ್ಣಗಿರುವಾಗ ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಅದರಲ್ಲಿ ಸಿಗುವುದಿಲ್ಲ. ಅದು ಯುದ್ಧಕಾಲದಲ್ಲಿ ಈ ಎಂಜಿನ್ ಕೋಣೆಯೊಳಗೆ ದುಡಿದವರಿಗೆ ಗೊತ್ತಿತ್ತು. ‘ಮೋಟಾರ್ ಮ್ಯಾಕ್’ ಎಂದು ಅವರನ್ನು ಕರೆಯುತ್ತಿದ್ದರು. ಅವರು ಅಜ್ಜನಂಥವರಿಗೆ ಹೇಳಿಕೊಟ್ಟರು. ‘ನನಗೆ ಕಲಿಸಿದವರು ಈಗ ಇಲ್ಲ. ನೀನು ಕಲಿತುಕೋ’ ಎಂದು ಅಜ್ಜ ನನಗೆ ಹೇಳಿದಾಗ ಅವರ ಧ್ವನಿಯಲ್ಲಿ ಅವಸರವಿತ್ತು.

ಪರೀಕ್ಷಾ ಓಟದ ದಿನ ಬೆಳಗ್ಗೆ ಸಣ್ಣ ಮಳೆ. ಪೋರ್ಟ್‌ಲ್ಯಾಂಡಿನಲ್ಲಿ ಅದು ಯಾವಾಗಲೂ ಇದ್ದದ್ದೇ. ಸ್ವಾನ್ ಐಲೆಂಡ್ ಎಂಬಲ್ಲಿ ದೋಣಿಯನ್ನು ಕಟ್ಟಿ ನಿಲ್ಲಿಸಲಾಗಿತ್ತು. ಯುದ್ಧಕಾಲದಲ್ಲಿ ಕೈಸರ್ ಕಂಪನಿ ತೈಲ ಹಡಗುಗಳನ್ನು ಕಟ್ಟುತ್ತಿದ್ದ ಜಾಗ ಅದು. ಚಳಿಗಾಲದ ಕೆಲಸವೆಲ್ಲ ಮುಗಿದು, ತಿಂಗಳುಗಳ ಮೇಲೆ ಮೊದಲ ಸಲ ಹೊರಡುವುದು. ಮೂಗಿನ ಪರೀಕ್ಷೆಯಾಯಿತು. ಎಣ್ಣೆ, ನೀರು, ಬೆಂಕಿ ಆರಿಸುವ ಸಿಲಿಂಡರು, ಪಂಪು ಎಲ್ಲವನ್ನೂ ಪಟ್ಟಿಯಿಂದ ಒಂದೊಂದಾಗಿ ಓದಿ, ಒಂದೊಂದಾಗಿ ‘ಸರಿ’ ಎಂದು ಹೇಳಿದ್ದಾಯಿತು. ಕಿವಿಗೆ ಮುಚ್ಚಳ ಹಾಕಿಕೊಂಡೆವು. ಒಂದು ಎಂಜಿನ್ ಕೊಸರಾಡಿ, ಕೆಮ್ಮಿ, ನೀಲಿ ಹೊಗೆಯುಗುಳಿ ಹಿಡಿಯಿತು. ದೋಣಿಯ ಮೈಯೆಲ್ಲ ಒಮ್ಮೆ ನಡುಗಿತು. ಹೊಗೆಕೊಳವೆಯಿಂದ ಹೊಗೆಯ ಜೊತೆ ನೀರು ಚಿಮ್ಮುತ್ತಿದೆಯೇ ಎಂದು ಮೇಲಿದ್ದವರು ನೋಡಿ ಕೈ ಎತ್ತಿದರು. ಆಮೇಲೆ ಎರಡನೆಯದು. ಮೂರನೆಯದು ಕೂಡಲೇ ಹಿಡಿಯಲಿಲ್ಲ. ಯಾರೂ ಮಾತಾಡಲಿಲ್ಲ. ಅಜ್ಜ ಎಂಜಿನ್ನಿನ ಬೆನ್ನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು, ಮತ್ತೆ ಸನ್ನೆ ಮಾಡಿದರು. ಹಿಡಿಯಿತು.

ಈ ದೋಣಿಯನ್ನು ನಡೆಸುವ ಕ್ರಮವೇ ವಿಶೇಷ. ಮೇಲೆ ನಿಂತು ದೋಣಿ ನಡೆಸುವ ತಾಂಡೇಲನ ಕೈಯಲ್ಲಿ ಚುಕ್ಕಾಣಿಯೂ ವೇಗದ ಹಿಡಿಗಳೂ ಇರುತ್ತವೆ. ಗೇರು ಮಾತ್ರ ಕೆಳಗಿನ ಎಂಜಿನ್ ಕೋಣೆಯಲ್ಲಿ. ಮುಂದೆ, ಹಿಂದೆ, ನಡುವೆ ಎಂದು ಮೇಲಿನವರು ಸೂಚನೆ ಕಳಿಸಬೇಕು. ಕೆಳಗಿನವರು ಗೇರು ಹಾಕಬೇಕು. ಕೆಳಗಿರುವವರಿಗೆ ನದಿ ಕಾಣುವುದಿಲ್ಲ, ದಡ ಕಾಣುವುದಿಲ್ಲ. ಮೇಲಿರುವವರಿಗೆ ಎಂಜಿನ್ ಕಾಣುವುದಿಲ್ಲ. ಧಕ್ಕೆಗೆ ಬಂದು ನಿಲ್ಲುವಾಗ ಒಂದು ಕ್ಷಣ ತಡವಾದರೂ ಏಟು ಬೀಳುತ್ತದೆ. ಇಪ್ಪತ್ತರ ಹರೆಯದ ಹುಡುಗರು ಗುಂಡಿನ ಮಳೆಯಲ್ಲಿ, ಕತ್ತಲಲ್ಲಿ, ಒಬ್ಬರನ್ನೊಬ್ಬರು ನೋಡದೆ ಹೀಗೆ ದೋಣಿ ನಡೆಸಿದ್ದಾರೆ. ನಂಬಿಕೆ ಎಂಬ ಮಾತನ್ನು ನಾನು ಬಹಳ ಕಡೆ ಓದಿದ್ದೇನೆ. ಅದನ್ನು ಕೆಲಸವಾಗಿ ಕಂಡದ್ದು ಆ ಕೋಣೆಯಲ್ಲಿ.

ನನಗೆ ವಹಿಸಿದ್ದು ಹನಿ ಎಣಿಸುವ ಕೆಲಸ. ಎಂಜಿನ್ನಿನಿಂದ ಹೊರಟ ಲೋಹದ ದಂಡ ದೋಣಿಯ ಒಡಲನ್ನು ದಾಟಿ ನೀರಿನಲ್ಲಿರುವ ಫ್ಯಾನಿಗೆ ಹೋಗುವ ತೂತಿದೆಯಲ್ಲ, ಅಲ್ಲಿ ನೀರು ನುಗ್ಗದಂತೆ ಗ್ರೀಸು ಹಚ್ಚಿದ ದಾರವನ್ನು ಸುತ್ತಿ ಬಿಗಿದಿರುತ್ತಾರೆ. ಗ್ಲ್ಯಾಂಡ್ ಎನ್ನುತ್ತಾರೆ. ಟಾರ್ಚು ಹಿಡಿದು ಅಲ್ಲಿ ಬಗ್ಗಿ ಕೂತೆ. ಹನಿ ಬೀಳುತ್ತಿತ್ತು. ಗಾಬರಿಯಿಂದ ಅಜ್ಜನಿಗೆ ಸನ್ನೆ ಮಾಡಿದೆ. ಅವರು ಬಂದು ನೋಡಿ, ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದರು: ‘ಹನಿ ಬೀಳಲೇಬೇಕು. ನಿಂತರೆ ನನ್ನನ್ನು ಕರೆ. ಧಾರೆಯಾದರೂ ಕರೆ.’ ಪೂರ್ತಿ ಬಿಗಿದರೆ ದಂಡ ತಿರುಗುವಾಗ ದಾರ ಕಾದು ಸುಟ್ಟು, ದಂಡವೂ ಸವೆಯುತ್ತದೆ. ಒಂದೊಂದೇ ಹನಿ ಒಳಗೆ ಬರುತ್ತಿದ್ದರೆ ಆ ನೀರೇ ಅದನ್ನು ತಂಪಾಗಿಡುತ್ತದೆ. ನೀರನ್ನು ಪೂರ್ತಿ ತಡೆದ ದೋಣಿ ಕ್ಷೇಮ ಎಂದು ನಾನು ತಿಳಿದಿದ್ದೆ. ಎಷ್ಟು ಬಿಡಬೇಕೆಂದು ತಿಳಿದ ದೋಣಿ ಕ್ಷೇಮ. ಕೈಯಿಂದ ಗ್ಲ್ಯಾಂಡನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಎಣಿಸುತ್ತ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಬೇರೊಬ್ಬರು ಬಂದು ನನ್ನನ್ನು ಮೇಲೆ ಕಳಿಸಿದರು. ಏಣಿ ಹತ್ತಿ ತಲೆ ಹೊರಹಾಕಿದರೆ ಸೇಂಟ್ ಜಾನ್ಸ್ ಸೇತುವೆಯ ಹಸಿರು ಗೋಪುರಗಳು ಮಂಜಿನಲ್ಲಿ ಎದ್ದು ನಿಂತಿದ್ದವು. ತಾಂಡೇಲ ವೇಗದ ಹಿಡಿಗಳನ್ನು ಒಂದಿಷ್ಟು ಮುಂದೆ ತಳ್ಳಿದರು. ಮೊದಲು ಸದ್ದು ಬದಲಾಯಿತು, ಆಮೇಲೆ ದೋಣಿಯ ಮೂಗು ಮೇಲೆದ್ದಿತು, ಆಮೇಲೆ ನೀರಿನ ಮೇಲೆ ಹತ್ತಿ ಕೂತಂತೆ ಮೈ ಹಗುರವಾಯಿತು. ಹಿಂದೆ ಬಿಳಿಯ ದಾರಿ ಬಿಚ್ಚಿಕೊಂಡಿತು. ಪೂರ್ತಿ ವೇಗಕ್ಕೆ ಹೋಗಲಿಲ್ಲ; ಪರೀಕ್ಷೆಗೆ ಅದು ಬೇಕಿಲ್ಲ, ಪೆಟ್ರೋಲಿನ ಲೆಕ್ಕವೂ ಒಪ್ಪುವುದಿಲ್ಲ. ಆದರೂ ಕಾಲಕೆಳಗಿನ ಹಲಗೆಯಲ್ಲಿ ಆ ಶಕ್ತಿ ತಿಳಿಯುತ್ತಿತ್ತು. ನಾವು ಚಳಿಗಾಲದಲ್ಲಿ ಬಡಿದು ನೋಡಿ, ಬದಲಿಸಿ, ಉಜ್ಜಿ, ಬಣ್ಣ ಹಚ್ಚಿದ ಹಲಗೆಗಳೆಲ್ಲ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಕಣ್ಣು ಒದ್ದೆಯಾಯಿತು. ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹಿಂದಿರುಗಿ ಹಗ್ಗ ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಮತ್ತೆ ಕೆಳಗಿಳಿದು, ಯಾವ ಕೊಳವೆಯ ಬುಡದಲ್ಲಿ ಎಣ್ಣೆ ಜಿನುಗಿದೆ, ತಳದಲ್ಲಿ ಎಷ್ಟು ನೀರು ಕೂಡಿದೆ, ಎಂಜಿನ್ನುಗಳ ಬಿಸಿ ಎಲ್ಲಿಯವರೆಗೆ ಏರಿತ್ತು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದೆವು. ಅಜ್ಜ ಆ ದಿನ ಒಂದು ಮಾತು ಹೇಳಿದರು: ‘ವರ್ಷವಿಡೀ ನಿಲ್ಲಿಸಿಟ್ಟರೆ ಆಗುವ ಹಾನಿ ಈ ಒಂದು ಗಂಟೆ ಓಡಿಸಿದರೆ ಆಗುವುದಿಲ್ಲ.’ ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದು ಲೋಹ ಬರಿದಾಗಿ ತುಕ್ಕು ಹಿಡಿಯುತ್ತದೆ. ರಬ್ಬರು ಒಣಗಿ ಬಿರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಓಡಿಸುವವರ ಕೈ ಮರೆಯುತ್ತದೆ.

ಆ ಮಾತು ನನ್ನನ್ನು ಊರಿಗೆ ಕರೆದೊಯ್ಯಿತು. ದೊಡ್ಡಪ್ಪನಿಗೆ ಮೊಣಕಾಲು ಕೈಕೊಟ್ಟ ಮೇಲೆ ಮಚವೆ ದಡ ಸೇರಿತು. ಮಕ್ಕಳು ಗೋವೆ, ಬೆಂಗಳೂರು ಎಂದು ಹೋದರು, ನಾನು ಇಲ್ಲಿಗೆ ಬಂದೆ. ಮೊದಲ ವರ್ಷ ಮಡಲಿನ ಸೂರು ಕಟ್ಟಿಸಿದರು. ಎರಡನೆಯ ವರ್ಷ ಕಟ್ಟುವವರಿರಲಿಲ್ಲ. ಬಿಸಿಲಿಗೆ ಹಲಗೆಗಳು ಬಾಯಿಬಿಟ್ಟವು, ಮಳೆ ಒಳಗೆ ನಿಂತಿತು. ‘ನೀರಿಗೆ ಬಿಟ್ಟಿದ್ರೆ ಇನ್ನೂ ಇಪ್ಪತ್ ವರ್ಷ ಬರ್ತಿತ್ತು ತಮಾ. ಒಲೆ ಹಚ್ಚದ ಮನೆ ಗೆದ್ದಲಿಗೆ’ ಎಂದು ಫೋನಿನಲ್ಲಿ ಹೇಳಿದರು. ಕೊನೆಗೆ ಅದನ್ನು ಒಡೆದು ಸೌದೆಗೆ ಕೊಟ್ಟರು. ನಾನು ಆಗ ದೂರದಲ್ಲಿದ್ದೆ ಎನ್ನುವುದು ಕಾರಣವಾದೀತು, ಸಮಾಧಾನವಾಗದು. ದೊಡ್ಡಪ್ಪ ಈಗಿಲ್ಲ. ದಾರ ಎಷ್ಟು ಸುತ್ತಬೇಕು, ರಾಳ ಎಷ್ಟು ಕಾಯಿಸಬೇಕು, ಯಾವ ಗಾಳಿಗೆ ಅಳಿವೆ ದಾಟಬಾರದು ಎಂದು ಅವರಿಗೆ ಗೊತ್ತಿದ್ದದ್ದರಲ್ಲಿ ನಾನು ಕೇಳಿಕೊಂಡದ್ದು ಬಹಳ ಕಡಿಮೆ.

ಕಳೆದ ಸಲ ಊರಿಗೆ ಹೋದಾಗ ಮಗಳನ್ನು ಕಾರವಾರದ ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಮ್ಮ ನೌಕಾಪಡೆಯ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ಮರಳ ಮೇಲೆ ನಿಂತಿದೆ. ಮಕ್ಕಳು ಒಳಗೆ ಹೋಗಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಅದು ಒಳ್ಳೆಯ ಕೆಲಸ. ಉಕ್ಕಿನ ಹಡಗನ್ನು ಹಾಗೆ ದಡದಲ್ಲಿಟ್ಟು ಕಾಯಬಹುದು. ಮಗಳು ಅದರ ಮೈಗೆ ಕಿವಿಯಿಟ್ಟು, ‘ಇದು ಮಾತಾಡಲ್ವಾ ಅಪ್ಪಾ?’ ಎಂದು ಕೇಳಿದಳು. ಅವಳು 658ರ ಸದ್ದು ಕೇಳಿದವಳು. ದೋಣಿ ಎಂದರೆ ಸದ್ದು ಮಾಡುತ್ತದೆ, ನಡುಗುತ್ತದೆ, ಹನಿ ಬೀಳುತ್ತದೆ ಎಂದು ತಿಳಿದವಳು.

ಹೊನ್ನಾವರ, ತದಡಿ, ಗಂಗೊಳ್ಳಿ, ಮಲ್ಪೆಯ ಧಕ್ಕೆಗಳಲ್ಲಿ ಫೈಬರ್ ದೋಣಿಗಳೂ ಉಕ್ಕಿನ ಬೋಟುಗಳೂ ತುಂಬಿವೆ. ಬದುಕಿಗೆ ಅವು ಬೇಕು; ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮರದ ದೋಣಿ ಕಟ್ಟಿದ ಕೈಗಳು ಇನ್ನೂ ಅಲ್ಲಲ್ಲಿ ಇವೆ. ನಿಮ್ಮೂರಿನಲ್ಲಿ ಅಂಥವರೊಬ್ಬರಿದ್ದರೆ, ಒಂದು ಹಳೆಯ ದೋಣಿ ಸೂರಿನಡಿ ಕಾಯುತ್ತಿದ್ದರೆ, ಈ ರಜೆಯಲ್ಲಿ ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಹನಿ ಎಷ್ಟು ಬೀಳಬೇಕೆಂದು ಕೇಳಿ. ಕೇಳಿದ್ದನ್ನು ಬರೆದಿಡಿ, ನಾಲ್ಕು ತಿರುಪು ನಿಮ್ಮ ಕೈಯಿಂದಲೇ ಹಾಕಿ. ಆಮೇಲೆ ನಾಲ್ಕು ಜನ ಸೇರಿ ಆ ದೋಣಿಯನ್ನು ನೀರಿಗಿಳಿಸಿ, ವರ್ಷಕ್ಕೊಮ್ಮೆಯಾದರೂ ಓಡಿಸಿ.